ಒಂದು ಕೆಂಪು, ಐದು ಹಸಿರು

ನಮ್ಮಣ್ಣನಿಗೆ ಕೆಂಪು ಕಾಣುತ್ತಿರಲಿಲ್ಲ. ಹಸಿರೂ ಅಷ್ಟೆ. ಎರಡೂ ಒಂದೇ ಥರ, ಒಣಗಿದ ಸಗಣಿಯ ಹಾಗೆ ಅನ್ನುತ್ತಿದ್ದ. ಈಗ ಇಷ್ಟು ಸಲೀಸಾಗಿ ಬರೆದುಬಿಟ್ಟೆ. ಆದರೆ ಈ ಮಾತನ್ನು ನಾವಿಬ್ಬರೂ ಹತ್ತು ಹನ್ನೊಂದು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಕೊನೆಗೆ ಅದನ್ನು ನಾಲ್ಕು ಜನರ ಮುಂದೆ ತಂದು ಬಿಸಾಕಿದವಳು ನಾನೇ.

ಗೊತ್ತಾದದ್ದು ಕುಣಿಗಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ. ಅಣ್ಣನಿಗೆ ಆಗ ಹನ್ನೆರಡು ವರ್ಷ, ನನಗೆ ಏಳು. ಅಪ್ಪ ತೀರಿಕೊಂಡಿದ್ದರು, ಅಮ್ಮ ಹಪ್ಪಳ ಉಪ್ಪಿನಕಾಯಿ ಮಾಡಿ ಮನೆ ನಡೆಸುತ್ತಿದ್ದಳು. ಒಂದು ದಿನ ಅವನ ಕೈಗೆ ಕುಕ್ಕೆ ಕೊಟ್ಟು, "ಹಣ್ಣಾಗಿರೋ ಮೆಣಸಿನಕಾಯಿ ಮಾತ್ರ ಕಿತ್ಕೊಂಡ್ ಬಾ ಹೋಗ್ಲಾ" ಎಂದು ಕಳಿಸಿದಳು. ಅವನು ಕುಕ್ಕೆ ತುಂಬ ಕಾಯಿ, ಹಣ್ಣು ಎರಡನ್ನೂ ಬೆರೆಸಿ ತಂದ. ಅಮ್ಮನಿಗೆ ರೇಗಿಹೋಯಿತು. "ಏನ್ಲಾ, ಕಾಯಿ ಯಾವ್ದು ಹಣ್ಣು ಯಾವ್ದು ಗೊತ್ತಾಗಲ್ವಾ? ಬೆಪ್ಪು ನನ್ ಮಗ್ನೆ!" ಎಂದು ತಲೆಗೆ ಎರಡು ಮೊಟಕಿದಳು.

ಮಾರನೆಯ ದಿನ ಅಣ್ಣ ನನ್ನನ್ನು ಬಾವಿಕಟ್ಟೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಅಂಗೈ ಬಿಚ್ಚಿದ. ಅದರಲ್ಲಿ ಎರಡು ಮೆಣಸಿನಕಾಯಿ ಇದ್ದವು. "ಇವೆರಡ್ರಲ್ಲಿ ಕೆಂಪು ಯಾವ್ದು ಹೇಳಮ್ಮಿ" ಅಂದ. ತಮಾಷೆ ಮಾಡ್ತಿದ್ದಾನೆ ಅಂದುಕೊಂಡು ಕಿಸಕ್ಕನೆ ನಕ್ಕೆ. ಅವನ ಮುಖ ನೋಡಿದ ಮೇಲೆ ನಗು ನಿಂತುಹೋಯಿತು. ಬೆರಳಿಟ್ಟು ತೋರಿಸಿದೆ. ಅವನು ಅದನ್ನು ಎತ್ತಿ ಹಿಡಿದು ತುಂಬಾ ಹೊತ್ತು ನೋಡಿ, "ಅಮ್ಮಂಗೆ ಹೇಳ್ಬೇಡ" ಅಂದ. ನಾನು ಹೇಳಲಿಲ್ಲ.

ಅವತ್ತಿನಿಂದ ನಾನೇ ಅವನ ಪಾಲಿನ ಬಣ್ಣ. ದಿನಕ್ಕೆ ಹತ್ತು ಸಲ "ಇದ್ಯಾವ್ದಮ್ಮಿ?" ಅನ್ನುತ್ತಿದ್ದ. ಅಂಗಿ ಯಾವುದು, ಟೊಮೆಟೊ ಹಣ್ಣಾಗಿದೆಯಾ, ನೋಟ್‌ಬುಕ್ಕಿನ ಅಂಚಿನಲ್ಲಿ ಮೇಷ್ಟ್ರು ಬರೆದ ಶಾಯಿ ಕೆಂಪಾ ಹಸಿರಾ. ನಾನು ಹೇಳಿದರೆ ಮುಗಿಯಿತು, ಎರಡನೇ ಮಾತಿಲ್ಲ. ನನಗೋ, ಚಿಕ್ಕವಳಾಗಿದ್ದಾಗಿನಿಂದ ಕೋಪ ಮೂಗಿನ ತುದಿಯಲ್ಲೇ. ಮನೆಯಲ್ಲಿ ಯಾರೂ ನನ್ನ ಮಾತಿಗೆ ಬೆಲೆ ಕೊಡುತ್ತಿರಲಿಲ್ಲ. ಅವನೊಬ್ಬ ಕೊಡುತ್ತಿದ್ದ. ಆ ಹೆಮ್ಮೆ ನನಗೆ ಎಷ್ಟಿತ್ತು ಅಂದರೆ, ಅವನ ಕಣ್ಣು ಸರಿಹೋಗಲಿ ಎಂದು ಒಂದು ದಿನವಾದರೂ ದೇವರಲ್ಲಿ ಕೇಳಿಕೊಂಡ ನೆನಪಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ಅವನಿಗೆ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತು. ಹಳೆಯ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಇಟ್ಟು ಗೆರೆ ತಿದ್ದಿ ತೆಗೆಯುವ ಕೆಲಸ. ಗೆರೆ ಎಳೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೆಲಸಕ್ಕೆ ಸೇರುವಾಗ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿ, ಎದೆ ಅಳತೆ ತೆಗೆದುಕೊಂಡು ಸಹಿ ಹಾಕಿದರು. ಬಣ್ಣದ ಮಾತೇ ಬರಲಿಲ್ಲ. ಬಂದಿದ್ದರೆ ಆಗಲೇ ಮುಗಿದುಹೋಗುತ್ತಿತ್ತು, ಅವನು ಬೇರೆ ಏನಾದರೂ ಮಾಡಿಕೊಂಡು ಚೆನ್ನಾಗಿರುತ್ತಿದ್ದ ಅಂತ ಎಷ್ಟೋ ಸಲ ಅನ್ನಿಸಿದೆ.

ಆರು ತಿಂಗಳಾದ ಮೇಲೆ ಒಂದು ಶನಿವಾರ ಕುಣಿಗಲ್ಲಿಗೆ ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಮ್ಮ ಅತ್ತ ಹೋದ ಮೇಲೆ ಮೆಲ್ಲಗೆ ಹೇಳಿದ: "ಇನ್ಮೇಲೆ ನಕ್ಷೆಗೆ ಬಣ್ಣಾನೂ ನಾನೇ ತುಂಬ್ಬೇಕಂತೆ ಅಮ್ಮಿ. ಕೆಲಸ ಹೋಯ್ತು ಅಂದ್ಕೋ."

"ಸುಮ್ನಿರು, ಹೋಗಕ್ಕೆ ಅದೇನು ಕಾಗೆನಾ ಗುಬ್ಬೀನಾ? ನಾನಿಲ್ವಾ?" ಅಂದೆ. ಆ ವರ್ಷ ನಾನು ಪಿಯುಸಿಗೆ ಸೇರಬೇಕಿತ್ತು. ಅಮ್ಮನ ಹತ್ತಿರ ಹಟ ಹಿಡಿದು, ಎರಡು ದಿನ ಊಟ ಬಿಟ್ಟು, ತುಮಕೂರಿನಲ್ಲಿ ಅಣ್ಣನ ರೂಮಿಗೇ ಬಂದು ಸೇರಿಕೊಂಡೆ. ಅಮಾನಿಕೆರೆಯ ಕಡೆಗಿದ್ದ ಒಂದೇ ಕೋಣೆಯ ಮನೆ ಅದು. ಒಂದು ಕಿಟಕಿ, ಒಂದು ಸೀಮೆಎಣ್ಣೆ ಸ್ಟೌ, ಅವನ ಡ್ರಾಯಿಂಗ್ ಬೋರ್ಡು.

ಬಂದ ಮೊದಲನೇ ಭಾನುವಾರ ಕೂತು ಅವನ ಕೆಲಸ ಏನು ಅಂತ ಬಿಡಿಸಿ ಬಿಡಿಸಿ ಕೇಳಿದೆ. ಜಿಲ್ಲೆಯ ನಕ್ಷೆ ಇರುತ್ತದೆ, ಅದರಲ್ಲಿ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿಗಳು. ಪ್ರತಿ ಹೋಬಳಿಗೆ ಒಂದು ಅಂಕಿ ಬರುತ್ತದೆ: ಮಳೆ ಎಷ್ಟಾಯಿತು, ನೂರು ಮಕ್ಕಳಲ್ಲಿ ಎಷ್ಟು ಮಂದಿ ಶಾಲೆಗೆ ಬರ್ತಾರೆ, ಹೀಗೆ. ಅಂಕಿ ಕಡಿಮೆಯಿದ್ದರೆ ಕೆಂಪು, ಜಾಸ್ತಿಯಿದ್ದರೆ ಹಸಿರು, ನಡುವೆ ಬೇರೆ ಮೂರು ಬಣ್ಣ. ದೊಡ್ಡ ಸಾಹೇಬರು ಅಂಕಿ ಓದುವುದಿಲ್ಲ, ಬಣ್ಣ ನೋಡುತ್ತಾರೆ.

"ಅಂದ್ರೆ ನಿನಗೆ ಬಣ್ಣ ಯಾಕೆ ಬೇಕು? ಅಂಕಿ ಕಾಣತ್ತಲ್ಲ?" ಅಂದೆ.

ನಾನು ನೋಟ್‌ಬುಕ್ಕಿನ ಹಾಳೆ ಕತ್ತರಿಸಿ ಐದು ಚೀಟಿ ಮಾಡಿದೆ. ಬಣ್ಣದ ಮಸಿಯ ಐದು ಬಾಟಲಿಗಳಿಗೆ ಗೋಂದು ಹಚ್ಚಿ ಅಂಟಿಸಿದೆ. ಒಂದು ಕೆಂಪು, ಎರಡು ಕಿತ್ತಳೆ, ಮೂರು ಹಳದಿ, ನಾಲ್ಕು ನೀಲಿ, ಐದು ಹಸಿರು. ಆಮೇಲೆ ಒಂದು ರಟ್ಟಿನ ಮೇಲೆ ಪಟ್ಟಿ ಬರೆದೆ. ಎಡಗಡೆ ಅಂಕಿ, ಬಲಗಡೆ ಬಾಟಲಿಯ ನಂಬರು. ಇಪ್ಪತ್ತರವರೆಗೆ ಒಂದು, ನಲವತ್ತರವರೆಗೆ ಎರಡು, ಹಾಗೇ ಮೇಲೇರುತ್ತಾ ಎಂಬತ್ತು ದಾಟಿದರೆ ಐದು. ಪಟ್ಟಿಯಲ್ಲಿ ಒಂದೇ ಒಂದು ಬಣ್ಣದ ಹೆಸರೂ ಇರಲಿಲ್ಲ. "ಅಂಕಿ ನೋಡು, ಪಟ್ಟಿ ನೋಡು, ಬಾಟ್ಲಿ ತೆಗಿ. ಅಷ್ಟೇ" ಅಂದೆ.

"ಸರಿಯಾಗಿ ನಲವತ್ತೇ ಬಂದ್ರೆ?"

"ಎರಡ್ರಲ್ಲೇ ಇರ್ಲಿ. ನಲವತ್ತೊಂದು ಆದಾಗ ಮೂರಕ್ಕೆ ದಾಟ್ಲಿ."

"ಅಂಕೀನೇ ಬಂದಿಲ್ಲ ಅಂದ್ರೆ?"

"ಬಣ್ಣ ಯಾಕೆ ದಂಡ? ಬಿಳಿ ಬಿಟ್ಬಿಡು."

ಅವನಿಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ನನ್ನ ಜಡೆ ಎಳೆದು, "ಏನ್ ತಲೆ ಅಮ್ಮಿ ನಿಂದು!" ಅಂದ. ಅವತ್ತು ಸಂಜೆ ಹೋಟೆಲಿನಿಂದ ಇಬ್ಬರಿಗೂ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದ. ಅವನನ್ನು ಅಷ್ಟು ಹಗುರವಾಗಿ ನಾನು ನೋಡಿದ್ದು ಅದೇ ಮೊದಲು.

ಎರಡು ವರ್ಷ ಹಾಗೇ ನಡೆಯಿತು. ಬಾಟಲಿಯಲ್ಲಿ ಮಸಿ ಮುಗಿದರೆ ದೊಡ್ಡ ಶೀಷೆಯಿಂದ ತುಂಬಿಸುವವಳು ನಾನು. ಚೀಟಿ ಕೊಳೆಯಾದರೆ ಹೊಸದು ಅಂಟಿಸುವವಳೂ ನಾನು. ಅವನು ಬಾಟಲಿಗಳನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಕಚೇರಿಗೆ ಹೋಗುತ್ತಿದ್ದ, ಬರುತ್ತಾ ತರುತ್ತಿದ್ದ. ಅಲ್ಲಿನ ಹೆಡ್ ಡ್ರಾಫ್ಟ್ಸ್‌ಮನ್ನು ಒಬ್ಬ ವಯಸ್ಸಾದ ಸಾಬರು. ಅವರು ಒಂದು ಸಲ ನಮ್ಮ ರೂಮಿಗೆ ಬಂದಿದ್ದಾಗ, "ನಿಮ್ಮಣ್ಣನಷ್ಟು ಶಿಸ್ತು ಯಾರಿಗೂ ಇಲ್ಲಮ್ಮ. ಬೇರೆಯವರು ಕಣ್ಣಂದಾಜಲ್ಲಿ ಬಳಿದುಬಿಡ್ತಾರೆ. ಇವ್ನು ನೋಡಿ, ಪ್ರತಿ ಸಲ ಪಟ್ಟಿ ತೆಗೆದು ನೋಡೇ ಹಾಕ್ತಾನೆ" ಅಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವರು ಹೋದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆಮೇಲೆ ಗುಬ್ಬಿಯಿಂದ ಅವನಿಗೆ ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗಿ ಎಸ್ಸೆಸ್ಸೆಲ್ಸಿ ಪಾಸು. ಹೆಣ್ಣು ನೋಡಲು ಹೋಗಿದ್ದಾಗ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಬಂದವಳ ಕಡೆ ಓರೆಗಣ್ಣಿನಲ್ಲಿ ನೋಡಿ ಅಣ್ಣ ನನ್ನ ಕಿವಿಯಲ್ಲಿ, "ಸೀರೆ ಯಾವ ಬಣ್ಣ?" ಅಂದ. "ಕೆಂಪು, ಹಸಿರಂಚು" ಅಂದೆ. "ಸರಿಹೋಯ್ತು, ನನ್ನ ಪಾಲಿಗೆ ಅಂಚೇ ಇಲ್ಲ ಬುಡು" ಎಂದು ನಕ್ಕ. ನಾನೂ ನಕ್ಕೆ. ಹುಡುಗಿಗೆ ಅವನೂ ಒಪ್ಪಿಗೆಯಾದ. ಮಾತುಕತೆ ಮುಗಿದು ಲಗ್ನಪತ್ರಿಕೆಗೆ ದಿನ ಹುಡುಕುತ್ತಿದ್ದರು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ.

ಒಂದು ಶುಕ್ರವಾರ ಅಣ್ಣ ಕಚೇರಿಯಿಂದ ಬಂದು ಕಾಫಿ ಕುಡಿಯುತ್ತಾ, "ಮದುವೆ ಆದ್ಮೇಲೆ ಈ ರೂಮಲ್ಲಿ ಮೂರು ಜನ ಆಗಲ್ಲ ಕಣಮ್ಮಿ. ನೀನು ಕುಣಿಗಲ್ಲಿಗೆ ಹೋಗಿ ಅಮ್ಮನ ಜೊತೆ ಇದ್ಬಿಡು" ಅಂದ. ಬಿ.ಎ.ಗೆ ಸೇರಬೇಕು ಅಂತ ನಾನು ಆಸೆ ಇಟ್ಟುಕೊಂಡಿದ್ದೆ. ಅದು ಅವನಿಗೆ ಗೊತ್ತಿತ್ತು. "ಮತ್ತೆ ನಿನ್ನ ಬಾಟ್ಲಿ? ಪಟ್ಟಿ?" ಅಂದೆ.

"ಅವಳಿಗೆ ಹೇಳ್ಕೊಡ್ತೀನಿ. ಇನ್ಮೇಲೆ ಅವಳು ನೋಡ್ಕೋತಾಳೆ ಬುಡು" ಅಂದ.

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮದುವೆ ಗೊತ್ತಾದ ಖುಷಿಯಲ್ಲಿ ಬಾಯಿಗೆ ಬಂದದ್ದು ಹೇಳಿದ. ಆದರೆ ನನಗೆ ಮೈಯೆಲ್ಲ ಹೊತ್ತಿಕೊಂಡ ಹಾಗಾಯಿತು. ಏಳು ವರ್ಷದವಳಿದ್ದಾಗಿನಿಂದ ನಾನು ನೋಡಿ ಹೇಳಿದ್ದು ಬಿಟ್ಟಿ ಬಿದ್ದಿತ್ತೇ? ಇನ್ನೂ ಹೊಸಿಲು ದಾಟದ ಅವಳು ನಾಳೆ ಬಂದು ನೋಡಿಕೊಳ್ಳುತ್ತಾಳಂತೆ! ಅವನ ಜೊತೆ ಮಾತು ಬಿಟ್ಟೆ. ಮಾರನೆಯ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ತಗಡಿನ ಪೆಟ್ಟಿಗೆ ತೆಗೆದು, ಒಂದು ಮತ್ತು ಐದನೇ ಬಾಟಲಿಯ ಚೀಟಿಗಳನ್ನು ಒದ್ದೆ ಮಾಡಿ ಕಿತ್ತು, ಅದರದು ಇದಕ್ಕೆ, ಇದರದು ಅದಕ್ಕೆ ಅಂಟಿಸಿಬಿಟ್ಟೆ. ಬಟ್ಟೆ ಚೀಲಕ್ಕೆ ತುಂಬಿಕೊಂಡು ಹೇಳದೆ ಕೇಳದೆ ಕುಣಿಗಲ್ ಬಸ್ಸು ಹತ್ತಿದೆ.

ಅವನ ಕೆಲಸಕ್ಕೆ ಸಂಚಕಾರ ತರಬೇಕು ಅಂತ ನನಗಿರಲಿಲ್ಲ. ದೇವರಾಣೆಗೂ ಇರಲಿಲ್ಲ. ನನ್ನ ಲೆಕ್ಕ ಬೇರೆಯಿತ್ತು. ಅವನು ಕೆಲಸ ಮಾಡುವುದು ಕಚೇರಿಯಲ್ಲಿ, ಸಾಬರ ಪಕ್ಕದ ಮೇಜಿನಲ್ಲಿ. ಮೊದಲನೇ ಹೋಬಳಿಗೆ ಬಣ್ಣ ಹಚ್ಚುತ್ತಿದ್ದ ಹಾಗೇ ಅವರು ನೋಡಿ, ಯಾಕಪ್ಪಾ ಹೀಗೆ ಅನ್ನುತ್ತಾರೆ. ಏನೋ ಮರೆವು ಅಂತ ಇವನು ಸಮಾಧಾನ ಹೇಳುತ್ತಾನೆ. ಮುಂದಿನ ಶನಿವಾರ ಬಾಲ ಮುದುರಿಕೊಂಡು ಕುಣಿಗಲ್ಲಿಗೆ ಬಂದು, "ನೀನಿಲ್ದೆ ಆಗಲ್ಲ, ಬಾರಮ್ಮಿ" ಅನ್ನುತ್ತಾನೆ. ನಾನು ಸ್ವಲ್ಪ ಸತಾಯಿಸಿ ಹೋಗುತ್ತೇನೆ. ಬಸ್ಸಿನಲ್ಲಿ ಕೂತು ಇದನ್ನೇ ನೆನೆಸಿಕೊಂಡು ಒಳಗೊಳಗೇ ನಗುತ್ತಿದ್ದೆ.

ನನಗೆ ಗೊತ್ತಿಲ್ಲದೆ ಇದ್ದದ್ದು ಒಂದೇ. ತಿಂಗಳ ಕೊನೆಗೆ ಅಂತಿದ್ದ, ಎಲ್ಲ ಹೋಬಳಿಯವರೂ ಸೇರುವ ದೊಡ್ಡ ಸಾಹೇಬರ ಮೀಟಿಂಗು ಸೋಮವಾರಕ್ಕೇ ಬಂದಿತ್ತು. ಅಣ್ಣ ಶನಿವಾರ ದೊಡ್ಡ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ರೂಮಿಗೆ ತಂದಿದ್ದ. ಭಾನುವಾರ ಇಡೀ ದಿನ ಒಬ್ಬನೇ ಕೂತು ಬಣ್ಣ ತುಂಬಿದ್ದ. ಸೋಮವಾರ ಬೆಳಿಗ್ಗೆ ನೇರವಾಗಿ ಮೀಟಿಂಗ್ ಹಾಲಿನ ಗೋಡೆಗೆ ನೇತುಹಾಕಿದ್ದ. ನಡುವೆ ಯಾರ ಕಣ್ಣೂ ಬೀಳಲಿಲ್ಲ.

ಶಾಲೆಗೆ ಬರುವ ಹೆಣ್ಣುಮಕ್ಕಳ ನಕ್ಷೆ ಅದು. ಮುಂದೆ ಆದದ್ದನ್ನು ಸಾಬರು ನನಗೆ ಆಮೇಲೆ ಹೇಳಿದರು. ದೊಡ್ಡ ಸಾಹೇಬರ ಕೈಯಲ್ಲಿ ಟೈಪು ಮಾಡಿದ ಹಾಳೆ ಇತ್ತು. "ಕೆಂಪು ಬಣ್ಣದ ಹೋಬಳಿಗಳು ತೀರಾ ಹಿಂದುಳಿದಿವೆ" ಎಂದು ಅದರಲ್ಲಿತ್ತು. ಅವರು ಕೋಲು ತೆಗೆದುಕೊಂಡು ನಕ್ಷೆಯಲ್ಲಿ ಕೆಂಪಗಿದ್ದ ಅಮೃತೂರಿನ ಮೇಲಿಟ್ಟು, ಅಲ್ಲಿಂದ ಬಂದಿದ್ದವರನ್ನು ಎಬ್ಬಿಸಿ ನಿಲ್ಲಿಸಿ ಚೆನ್ನಾಗಿ ಬೈದರು. ಅವರು, "ಸಾರ್, ನಮ್ಮದು ಎಲ್ರಿಗಿಂತ ಮುಂದಿದೆ ಸಾರ್, ಅಂಕಿ ನೋಡಿ" ಎಂದು ಗಲಾಟೆ ಎಬ್ಬಿಸಿದರು. ಸಾಹೇಬರಿಗೆ ಮುಖಭಂಗವಾಯಿತು. ಯಾರಪ್ಪಾ ಇದನ್ನ ಬರೆದೋನು ಎಂದು ಕೂಗಿದರು. ಅಣ್ಣ ಎದ್ದು ನಿಂತ.

ಏನೋ ತಪ್ಪಾಗಿದೆ ಎಂದು ಸಾಬರಿಗೆ ತಕ್ಷಣ ಗೊತ್ತಾಯಿತು. ಹುಡುಗನನ್ನು ಉಳಿಸೋಣ ಎಂದು ಅವರೇ ಮುಂದೆ ಬಂದು, "ಕೆಂಪು ಅಂದ್ರೆ ಕುಂಕುಮದ ಬಣ್ಣ ಅಲ್ವಾ ಸಾರ್, ಶುಭ ಅಂತ ಒಳ್ಳೇ ಹೋಬಳಿಗೆ ಹಾಕ್ಬಿಟ್ಟವ್ನೆ. ಚಿಕ್ಕ ಹುಡುಗ, ಕ್ಷಮಿಸ್ಬೇಕು" ಅಂದರು. ಹಾಲಿನಲ್ಲಿ ಕೂತಿದ್ದವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರಂತೆ. ನಮ್ಮ ಕಡೆ ಯಾರು ತಾನೇ ಅದನ್ನ ಇಲ್ಲ ಅಂತಾರೆ? ಮನೆಯಲ್ಲಿ ಶುಭದ ಬಣ್ಣವೇ ಕೆಂಪು. ಸಾಹೇಬರೂ ಸ್ವಲ್ಪ ಇಳಿದರು. ಅಣ್ಣ ಅಲ್ಲಿ "ಹೌದು ಸಾರ್" ಅಂದಿದ್ದರೆ ಮುಗಿದುಹೋಗುತ್ತಿತ್ತು. ಒಂದು ಬೈಗುಳ ತಿಂದು ಮನೆಗೆ ಬರುತ್ತಿದ್ದ.

ಅವನು ನಕ್ಷೆಯ ಕಡೆ ತಿರುಗಿ, ಕಕ್ಕಾಬಿಕ್ಕಿಯಾಗಿ, "ಎಲ್ಲಿದೆ ಸಾರ್ ಕೆಂಪು?" ಅಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಸಾಹೇಬರು ನಗಲಿಲ್ಲ. ಮೇಜಿನ ಮೇಲಿದ್ದ ಎರಡು ಪೆನ್ಸಿಲು ಎತ್ತಿ, ಇದರಲ್ಲಿ ಕೆಂಪು ಯಾವುದು ಎಂದು ಕೇಳಿದರು. ಅಷ್ಟು ಜನರ ಮುಂದೆ ನಮ್ಮಣ್ಣ ಆ ಎರಡು ಪೆನ್ಸಿಲನ್ನೂ ನೋಡುತ್ತಾ ನಿಂತಿದ್ದ. ಪಕ್ಕದಲ್ಲಿ ಹೇಳಲು ನಾನಿರಲಿಲ್ಲ.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಸಾಬರು ಕೈಕಾಲು ಹಿಡಿದು ಉಳಿಸಿದರು. ಡ್ರಾಯಿಂಗ್ ಬೋರ್ಡಿನಿಂದ ಎಬ್ಬಿಸಿ ರವಾನೆ ವಿಭಾಗಕ್ಕೆ, ಅಂದರೆ ಲಕೋಟೆಗೆ ವಿಳಾಸ ಬರೆದು ಅರಗಿನ ಮುದ್ರೆ ಒತ್ತುವ ಕಡೆಗೆ, ಕಳಿಸಿದರು. ಸುದ್ದಿ ಗುಬ್ಬಿಗೆ ಮುಟ್ಟಲು ನಾಲ್ಕು ದಿನವೂ ಬೇಕಾಗಲಿಲ್ಲ. ಮಧ್ಯಸ್ಥಗಾರರು ಕುಣಿಗಲ್ಲಿಗೆ ಬಂದು ಜಗಲಿಯ ಮೇಲೆ ಕೂತು, "ಹುಡುಗನ್ಗೆ ಕಣ್ಣಿನ ದೋಷ ಐತಂತಲ್ಲಮ್ಮ. ನಾಳೆ ಹುಟ್ಟೋ ಮಕ್ಳಿಗೂ ಬಂದ್ರೆ ಅಂತಾವ್ರೆ" ಅಂದರು. ಅಮ್ಮ, "ನನ್ ಮಗನ ಕಣ್ಗೆ ಏನಾಗಿದೆ, ಚಿನ್ನದಂಥ ಕಣ್ಣು" ಎಂದು ಕೂಗಾಡಿ, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಅಣ್ಣ ಆ ಶನಿವಾರ ಬಂದ. ನಾನು ಕಾಯುತ್ತಿದ್ದೆ: ಬೈತಾನೆ, ಹೊಡೀತಾನೆ, ಯಾಕೆ ಹೀಗೆ ಮಾಡಿದೆ ಅಂತಾನೆ. ಕೇಳಿದರೆ ಕಾಲಿಗೆ ಬೀಳಬೇಕು ಅಂತ ಇದ್ದೆ. ಅವನು ಕೈಕಾಲು ತೊಳೆದು ಊಟಕ್ಕೆ ಕೂತ. "ಕಾಲೇಜಿಗೆ ಹೋಗೋ ಹಾಗಿದ್ರೆ ಬಾ ಅಮ್ಮಿ. ಈಗ ರೂಮಲ್ಲಿ ಜಾಗ ಇದೆ" ಅಂದ. ಅಷ್ಟೇ. ಹೋಗಲಿಲ್ಲ ನಾನು. ಯಾವ ಮುಖ ಇಟ್ಟುಕೊಂಡು ಹೋಗಲಿ?

ಅವತ್ತಿನಿಂದ ಅವನು ನನ್ನನ್ನು ಬಣ್ಣ ಕೇಳುವುದು ನಿಲ್ಲಿಸಿದ. ಅದು ಗೊತ್ತಾಗಲು ನನಗೆ ತಿಂಗಳುಗಳೇ ಹಿಡಿದವು. ಜೊತೆಯಲ್ಲಿ ಸಂತೆಗೆ ಹೋದಾಗ ಟೊಮೆಟೊ ಒತ್ತಿ ನೋಡಿ ತೆಗೆದುಕೊಂಡ. ಎಲ್ಲ ಅಂಗಿಯೂ ಬಿಳಿ ಹೊಲಿಸಿಕೊಂಡ. ಅಂಕಿ ಬಾರದ ಹೋಬಳಿಯ ಹಾಗೆ ನನ್ನನ್ನು ಖಾಲಿ ಬಿಟ್ಟ. ಮಾತಿನಲ್ಲಿ, ಪ್ರೀತಿಯಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಲಿಲ್ಲ. "ಇದ್ಯಾವ್ದಮ್ಮಿ?" ಅನ್ನುವ ಒಂದು ಮಾತು ಮಾತ್ರ ಹೋಯಿತು.

ಋಣಾನುಬಂಧ ನೋಡಿ, ಅವನೇ ಓಡಾಡಿ ನನಗೆ ಗಂಡು ಹುಡುಕಿದ್ದು ಗುಬ್ಬಿಯಲ್ಲೇ. ನನ್ನ ಗಂಡ ಅಲ್ಲಿ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಮದುವೆಯಾಗಿ ಮೂರು ನಾಲ್ಕು ವರ್ಷದ ಮೇಲೆ ಒಂದು ಸೋಮವಾರ ಸಂತೆಯಲ್ಲಿ ಆ ಹುಡುಗಿ ಸಿಕ್ಕಳು. ಕಂಕುಳಲ್ಲಿ ಮಗು ಇತ್ತು. ನಾನು ಮುಖ ತಪ್ಪಿಸಿದೆ, ಅವಳೇ ಬಂದು ಮಾತಾಡಿಸಿದಳು. "ನಿಮ್ಮಣ್ಣ ಹೇಗವ್ರೆ? ಮದ್ವೆ ಆಯ್ತಾ?" ಇಲ್ಲ ಅಂದೆ. ಅವಳು ಸೊಪ್ಪಿನ ಕಟ್ಟು ತಿರುಗಿಸುತ್ತಾ, "ನನ್ನ ಒಂದು ಮಾತು ಕೇಳಿದ್ರೆ ನಾನು ಒಪ್ತಿದ್ದೆ ಕಣ್ರೀ. ಬಣ್ಣ ಕಾಣ್ದಿದ್ರೆ ಏನಂತೆ, ನಾನು ಹೇಳ್ತಿದ್ದೆ" ಅಂದಳು. ಅವತ್ತು ನಾನು ಏನೂ ಕೊಳ್ಳದೆ ಮನೆಗೆ ಬಂದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಭಾನುವಾರ ಅಣ್ಣ ಗುಬ್ಬಿಗೆ ಬಂದವನು ಕೂರದೆ ನಿಲ್ಲದೆ ಓಡಾಡುತ್ತಾ, "ಅಮ್ಮಿ, ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದಿದೆ. ಕಲಿಯಕ್ಕೆ ಯಾರೂ ಮುಂದೆ ಬರ್ಲಿಲ್ಲ, ಎಲ್ರಿಗೂ ಭಯ. ನಾನು ಬಂದೆ. ನಕ್ಷೆ ಬರೀತೀನಿ ಈಗ, ಬಣ್ಣದ ನಕ್ಷೆ! ಬಂದು ನೋಡು" ಅಂದ. ಮೂವತ್ತೈದು ದಾಟಿದ್ದ, ತಲೆ ಅರ್ಧ ನರೆತಿತ್ತು. ಆ ಮುಖದಲ್ಲಿ ಮಸಾಲೆ ದೋಸೆ ಕಟ್ಟಿಸಿಕೊಂಡು ಬಂದ ದಿನದ ಹಗುರ ಕಂಡೆ. ಆ ವಾರವೇ ಹೋದೆ.

ಅದಕ್ಕೊಂದು ಬೇರೆ ಕೋಣೆ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ಒಳಗೆ ಕೆರೆಯ ಕಡೆಯ ಗಾಳಿಗಿಂತ ತಣ್ಣಗಿತ್ತು. ಅಣ್ಣ ಕೂತು ಏನೇನೋ ಒತ್ತಿದ. ಪರದೆಯ ಮೇಲೆ ಅಂಕಿಗಳ ಸಾಲು ಬಂತು. "ನೋಡಮ್ಮಿ, ಇದು ಹೋಬಳಿಗಳ ಅಂಕಿ. ಇದು ಪಟ್ಟಿ, ನೀನು ರಟ್ಟಿನ ಮೇಲೆ ಬರ್ಕೊಟ್ಟಿದ್ದೆಯಲ್ಲ, ಅದೇ. ಇಪ್ಪತ್ತರವರೆಗೆ ಬಂದ್ರೆ ನಾಲ್ಕು, ಎಂಬತ್ತು ದಾಟಿದ್ರೆ ಎರಡು. ಇದರೊಳಗೆ ಕೆಂಪಿನ ಹೆಸರು ನಾಲ್ಕು, ಹಸಿರಿನ ಹೆಸರು ಎರಡು, ಹಳದಿ ಹದಿನಾಲ್ಕು. ಅಂಕಿ ನೋಡತ್ತೆ, ಪಟ್ಟಿ ನೋಡತ್ತೆ, ಬಣ್ಣ ಹಾಕತ್ತೆ." ನನ್ನ ಕಡೆ ತಿರುಗಿ ಮಗುವಿನ ಹಾಗೆ ನಕ್ಕ. "ಈ ಯಂತ್ರಕ್ಕೂ ಬಣ್ಣ ಕಾಣಲ್ಲ ಕಣೇ. ಇದಕ್ಕೂ ನಂಬರ್ ಅಷ್ಟೇ ಗೊತ್ತು."

ಒಂದು ಗುಂಡಿ ಒತ್ತಿದ. ಹೋಬಳಿ ಹೋಬಳಿಯಾಗಿ ನಕ್ಷೆ ತುಂಬಿಕೊಳ್ಳುತ್ತಾ ಹೋಯಿತು. ಅಮೃತೂರು ಹಸಿರಾಯಿತು. ನನಗೆ ಕಣ್ಣು ಮಂಜಾಯಿತು.

"ಇನ್ನೊಂದು ತಮಾಷೆ ನೋಡು" ಅಂದ. ಪಟ್ಟಿಗೆ ಹೋಗಿ ನಾಲ್ಕು ಇದ್ದ ಕಡೆ ಎರಡು, ಎರಡು ಇದ್ದ ಕಡೆ ನಾಲ್ಕು ಬರೆದು ಮತ್ತೆ ಒತ್ತಿದ. ಹಸಿರಿದ್ದದ್ದೆಲ್ಲ ಕೆಂಪಾಯಿತು, ಕೆಂಪಿದ್ದದ್ದೆಲ್ಲ ಹಸಿರಾಯಿತು. "ನಕ್ಷೆ ಮುಟ್ಟೋದೇ ಬೇಡ. ಪಟ್ಟೀಲಿ ಎರಡು ಜಾಗ ಅದಲು ಬದಲು ಮಾಡಿದ್ರೆ ಸಾಕು, ಎಲ್ಲಾ ಉಲ್ಟಾ."

ಬೇಕೆಂದೇ ಹೇಳಿದನೋ, ಸುಮ್ಮನೆ ಬಾಯಿಗೆ ಬಂತೋ, ಇವತ್ತಿಗೂ ಗೊತ್ತಿಲ್ಲ. ಹನ್ನೆರಡು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದದ್ದು ಹೊರಗೆ ಬಂದುಬಿಟ್ಟಿತು. "ಅಣ್ಣಾ, ಅವತ್ತು ಬಾಟ್ಲಿ ಚೀಟಿ ಬದಲಾಯಿಸಿದ್ದು ನಾನು."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಕಣಮ್ಮಿ" ಅಂದ.

"ಯಾವಾಗ ಗೊತ್ತಾಯ್ತು?"

"ಬದಲಾಗಿದೆ ಅಂತ ಭಾನುವಾರವೇ ಗೊತ್ತಾಯ್ತು. ಯಾಕೆ ಅಂತ ಸೋಮವಾರ ಗೊತ್ತಾಯ್ತು."

ಆಮೇಲೆ ನಿಧಾನವಾಗಿ ಹೇಳಿದ. ಅದಕ್ಕೂ ಮುಂಚೆ ಒಂದು ಸಲ ಮಳೆಗೆ ನೆನೆದು ಚೀಟಿ ಬಿದ್ದುಹೋಗಿತ್ತಂತೆ. ಅವತ್ತು ಹೆದರಿ, ಕಚೇರಿಯ ಅರಗು ಕಾಯಿಸಿ ಪ್ರತಿ ಬಾಟಲಿಯ ತಳಕ್ಕೆ ಚುಕ್ಕೆ ಇಟ್ಟಿದ್ದನಂತೆ. ಒಂದನೆಯದಕ್ಕೆ ಒಂದು ಚುಕ್ಕೆ, ಐದನೆಯದಕ್ಕೆ ಐದು. ಭಾನುವಾರ ಒಂದು ಎಂದು ಬರೆದಿದ್ದ ಬಾಟಲಿ ಎತ್ತಿದಾಗ ಬೆರಳಿಗೆ ಐದು ಚುಕ್ಕೆ ಸಿಕ್ಕವು.

"ಮತ್ತ್ಯಾಕೆ ಹಾಕ್ದೆ? ಚುಕ್ಕೆ ನಂಬ್ಬೇಕಿತ್ತಲ್ಲ!" ನಾನು ಅವನ ಮೇಲೇ ರೇಗಿದೆ. ಎಂಥ ಬುದ್ಧಿ ನನ್ನದು ನೋಡಿ.

"ಅರಗು ಇಟ್ಟಿದ್ದು ನಾನು. ಚೀಟಿ ಅಂಟ್ಸಿದ್ದು ನೀನು. ನಂಗೆ ಬಣ್ಣ ಕಾಣಲ್ಲ, ನಿಂಗೆ ಕಾಣತ್ತೆ. ಮಸಿ ತುಂಬ್ಸೋವಾಗ ಬಾಟ್ಲಿ ಅದಲು ಬದಲಾಗಿರ್ಬೇಕು, ಅದಕ್ಕೇ ಚೀಟಿ ಬದಲಾಯ್ಸವ್ಳೆ ಅಂದ್ಕೊಂಡೆ. ನೀನು ಸುಳ್ಳು ಚೀಟಿ ಅಂಟಿಸ್ತೀಯ ಅಂತ ನನ್ನ ತಲೆಗೇ ಬರ್ಲಿಲ್ಲ."

"ಅಷ್ಟು ವರ್ಷ ಒಂದು ಸಲವಾದ್ರೂ ಕೇಳ್ಬಾರ್ದಿತ್ತಾ?" ಅಂದೆ.

"ಕೇಳಿ, ನೀನು ಹೌದು ಅಂದ್ಬಿಟ್ಟಿದ್ರೆ?" ಅಂದ. ಪಟ್ಟಿಯನ್ನು ಮೊದಲಿನ ಹಾಗೆ ಸರಿ ಮಾಡಿ ಯಂತ್ರ ಆರಿಸಿದ.

ನಾನು ಅತ್ತೆ. ಅವನು ತಲೆ ಸವರಿ, "ಬುಡು, ಆಗಿದ್ದು ಆಯ್ತು, ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು" ಎಂದು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೊರಟ. ದಾರಿಯಲ್ಲಿ ಮಕ್ಕಳಿಗೆ ಎಂದು ಕಡ್ಲೆಪುರಿ ಕಟ್ಟಿಸಿದ. ಪ್ರೈವೇಟ್ ಬಸ್ಸುಗಳಲ್ಲಿ ಕುರಿ ತುಂಬಿದ ಹಾಗೆ ತುಂಬುತ್ತಾರೆ ಎಂದು ನನ್ನನ್ನು ಯಾವಾಗಲೂ ಸರ್ಕಾರಿ ಕೆಂಪು ಬಸ್ಸಿಗೇ ಹತ್ತಿಸುತ್ತಿದ್ದ. ಬಿಸಿಲಿನಲ್ಲಿ ನಿಂತುಕೊಂಡೆವು. ದೂರದಲ್ಲಿ, ಬೋರ್ಡು ಓದಲು ಆಗದಷ್ಟು ದೂರದಲ್ಲಿ, ಧೂಳೆಬ್ಬಿಸಿಕೊಂಡು ಒಂದು ಬಸ್ಸು ಬರುತ್ತಿತ್ತು. ಕೆಂಪು ಬಸ್ಸೇ ಅದು. ಅಣ್ಣ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಈಗ ಕೇಳುತ್ತಾನೆ ಎಂದು ನಾನು ಕಾದೆ. ಎಲ್ಲಾ ಹೇಳಿ ಆಗಿತ್ತಲ್ಲ, ಇನ್ನು ಕೇಳಬಹುದಲ್ಲ.

ಅವನು ಆ ಕಡೆ ತಿರುಗಿ, ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಗುರುತಿಲ್ಲದ ಮುದುಕಿಯನ್ನು, "ಅಜ್ಜಿ, ಆ ಬರ್ತಿರೋದು ಕೆಂಪು ಬಸ್ಸಾ?" ಎಂದು ಕೇಳಿದ.

ನಾನು ಅವನ ಪಕ್ಕದಲ್ಲೇ ನಿಂತಿದ್ದೆ.